ಮನೆಯ ಹೊರಭಾಗದ ದುರಸ್ತಿ: ಪರವಾನಗಿ ಯಾವಾಗ ಬೇಕು, ಯಾವಾಗ ಬೇಡ?

ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ಗ್ರಾಮಗಳಲ್ಲಿ ಮನೆ ದುರಸ್ತಿಯ ಕಾಲ. ಕಳೆದ ವರ್ಷ ಇದೇ ಅವಧಿಯಲ್ಲಿ ವೃದ್ಧೆಯೊಬ್ಬರು ಒಡೆದ ಹೆಂಚುಗಳನ್ನು ಬದಲಿಸಲು ಪರವಾನಗಿ ಕೋರಿ ನಮ್ಮ ಕಚೇರಿಗೆ ಅರ್ಜಿ ತಂದಿದ್ದರು. ಪರವಾನಗಿ ಇಲ್ಲದೆ ಕೆಲಸ ಮಾಡಿಸಿದರೆ ದಂಡ ಬೀಳುತ್ತದೆಂದು ಯಾರೋ ಹೆದರಿಸಿದ್ದರಿಂದ ಅವರು ಮೂರು ವಾರ ಸುಮ್ಮನೆ ಕಾದಿದ್ದರು. ಅಷ್ಟರಲ್ಲಿ ಮೊದಲ ಮಳೆ ಬಿದ್ದು ಮಣ್ಣಿನ ಗೋಡೆಯ ಒಂದು ಮಗ್ಗುಲು ನೆನೆದಿತ್ತು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ‘ದುರಸ್ತಿ’ ಎಂಬ ಹೆಸರಿನಲ್ಲಿ ಹೆಂಚಿನ ಮಾಡನ್ನು ಇಳಿಸಿ, ಕಾಂಕ್ರೀಟ್ ಚಾವಣಿಗೆ ಸೆಂಟ್ರಿಂಗ್ ಕಟ್ಟಲಾಗಿತ್ತು. ಅವರು ಯಾರನ್ನೂ ಕೇಳಿರಲಿಲ್ಲ. ಅನುಮತಿ ಬೇಡದವರು ಕಾದರು, ಬೇಕಾದವರು ಕೇಳಲಿಲ್ಲ. ಈ ಗೊಂದಲವನ್ನು ಪರಿಹರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾನೂನಿನ ಆಧಾರ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಮೇರೆಗೆ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡವನ್ನು ಕಟ್ಟುವಂತಿಲ್ಲ. ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಸೇರ್ಪಡೆ ಮಾಡುವಂತಿಲ್ಲ, ಅದನ್ನು ಪುನರ್ ನಿರ್ಮಿಸುವಂತಿಲ್ಲ. ಕೆಲಸಕ್ಕೆ ತಗಲುವ ವೆಚ್ಚವಾಗಲಿ, ಅದು ನಡೆಯುವ ದಿನಗಳ ಸಂಖ್ಯೆಯಾಗಲಿ ಇಲ್ಲಿ ಅಳತೆಗೋಲಲ್ಲ. ಕಟ್ಟಡ ಬದಲಾಗುತ್ತದೆಯೇ ಎಂಬುದೇ ಪ್ರಶ್ನೆ. ಇದ್ದುದನ್ನು ಇದ್ದಂತೆಯೇ ಸರಿಪಡಿಸುವುದು ದುರಸ್ತಿ. ಇಲ್ಲದುದನ್ನು ತರುವುದು ನಿರ್ಮಾಣ.

ಮೂರು ಪ್ರಶ್ನೆಗಳು

ಕೆಲಸ ಆರಂಭಿಸುವ ಮುನ್ನ ಮನೆಯ ಮಾಲೀಕರು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ಮನೆಯ ಉದ್ದ, ಅಗಲ, ಎತ್ತರ ಅಥವಾ ಅಂತಸ್ತು ಹೆಚ್ಚುತ್ತದೆಯೇ?

2. ಭಾರ ಹೊರುವ ಗೋಡೆ, ಕಂಬ, ತೊಲೆ ಅಥವಾ ಚಾವಣಿಯ ಬಗೆ ಬದಲಾಗುತ್ತದೆಯೇ?

3. ಕೆಲಸದ ಯಾವುದೇ ಭಾಗ ನಿವೇಶನದ ಚೆಕ್ಕುಬಂದಿಯನ್ನು ದಾಟಿ ರಸ್ತೆ, ಚರಂಡಿ ಅಥವಾ ನೆರೆಯವರ ಜಾಗಕ್ಕೆ ಚಾಚುತ್ತದೆಯೇ?

ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಸಾಮಾನ್ಯ ದುರಸ್ತಿ. ಸುಣ್ಣಬಣ್ಣ, ಉದುರಿದ ಗಿಲಾವಿನ ಮರುಲೇಪನ, ಒಡೆದ ಹೆಂಚಿನ ಬದಲಾವಣೆ, ಹಳೆಯ ಚೌಕಟ್ಟಿಗೆ ಹೊಸ ಬಾಗಿಲು, ಜಗಲಿಯ ನೆಲದ ರಿಪೇರಿ, ಸೋರುವ ತಾರಸಿಗೆ ನೀರುನಿರೋಧಕ ಲೇಪನ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೊದಲೆರಡು ಪ್ರಶ್ನೆಗಳಲ್ಲಿ ಒಂದಕ್ಕೆ ‘ಹೌದು’ ಎಂದಾದರೂ ಮೊದಲು ಅನುಮತಿ ಪಡೆಯಬೇಕು. ಜಗಲಿಯನ್ನು ಮುಚ್ಚಿ ಕೋಣೆ ಮಾಡುವುದು, ಮೆಟ್ಟಿಲು ಅಥವಾ ಬಾಲ್ಕನಿ ಕಟ್ಟುವುದು, ಅಂಗಳಕ್ಕೆ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸುವುದು ಇದಕ್ಕೆ ಉದಾಹರಣೆಗಳು. ಮೂರನೆಯದಕ್ಕೆ ‘ಹೌದು’ ಎಂದಾದರೆ ಅದು ಒತ್ತುವರಿ. ಅದಕ್ಕೆ ಅನುಮತಿಯೇ ದೊರೆಯದು.

ಎರಡನೆಯ ಪ್ರಶ್ನೆಯ ಮಹತ್ವ

ಮಂಗಳೂರು ಹೆಂಚಿನ ಮಾಡು, ರೀಪುಗಳೂ ಸೇರಿ, ಚದರ ಮೀಟರಿಗೆ ಸುಮಾರು 65 ಕೆ.ಜಿ. ತೂಗುತ್ತದೆ. 100 ಮಿ.ಮೀ. ದಪ್ಪದ ಕಾಂಕ್ರೀಟ್ ಚಾವಣಿ ಸುಮಾರು 250 ಕೆ.ಜಿ. ತೂಗುತ್ತದೆ. ಅಂದರೆ ಹೆಂಚಿನ ಭಾರಕ್ಕೆಂದು ಕಟ್ಟಿದ ಹಳೆಯ ಮಣ್ಣಿನ ಗೋಡೆಯ ಮೇಲೆ ಸರಿಸುಮಾರು ನಾಲ್ಕು ಪಟ್ಟು ಹೊರೆ ಬೀಳುತ್ತದೆ. ಗೋಡೆ ಅಂದೇ ಕುಸಿಯದಿರಬಹುದು. ಬುಡ ನೆನೆದ ಮಳೆಗಾಲದಲ್ಲಿ ಕುಸಿಯಬಹುದು. ಆದುದರಿಂದ ಇಲ್ಲಿ ಅನುಮತಿ ಎಂಬುದು ಶುಲ್ಕದ ರಸೀದಿ ಮಾತ್ರವಲ್ಲ, ಆ ಚಾವಣಿಯ ಕೆಳಗೆ ಮಲಗುವವರ ಜೀವದ ಪ್ರಶ್ನೆ.

ಎತ್ತರಿಸುವವರು ವಿದ್ಯುತ್ ತಂತಿಯನ್ನೂ ಗಮನಿಸಬೇಕು. 11 ಕೆ.ವಿ. ಮಾರ್ಗದಿಂದ ಕಟ್ಟಡಕ್ಕೆ ಪಕ್ಕದಲ್ಲಿ ಕನಿಷ್ಠ 1.2 ಮೀಟರ್, ಮೇಲ್ಭಾಗದಲ್ಲಿ 3.7 ಮೀಟರ್ ಅಂತರವಿರಬೇಕು.

ವಿಶೇಷ ಪ್ರದೇಶಗಳು

ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತಲಿನ ನಿಯಮ ಇನ್ನೂ ಬಿಗಿಯಾದುದು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಐಹೊಳೆ, ಪಟ್ಟದಕಲ್ಲುಗಳಂತಹ ಗ್ರಾಮಗಳಲ್ಲಿ ಈ ವ್ಯಾಪ್ತಿಯೊಳಗಿನ ಮನೆಗಳ ದುರಸ್ತಿ ಮತ್ತು ನವೀಕರಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಅವಶ್ಯಕ. ಹೆದ್ದಾರಿ ಅಂಚು, ಕರಾವಳಿ ನಿಯಂತ್ರಣ ವಲಯ ಹಾಗೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಯ ಗ್ರಾಮಗಳಲ್ಲಿ ಆಯಾ ನಿಯಮಗಳನ್ನೂ ಪರಿಶೀಲಿಸತಕ್ಕದ್ದು.

ಅರ್ಜಿದಾರರು ಮತ್ತು ಸಿಬ್ಬಂದಿಯ ಕರ್ತವ್ಯ

ಅನುಮತಿ ಬೇಕಾದಲ್ಲಿ ಇ-ಸ್ವತ್ತಿನ ನಮೂನೆ 9 ಅಥವಾ 11, ತೆರಿಗೆ ಪಾವತಿಯ ರಸೀದಿ ಮತ್ತು ಅಳತೆ ಸಹಿತ ನಕ್ಷೆಯೊಡನೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಸಂದೇಹವಿದ್ದರೆ ಲಿಖಿತವಾಗಿ ವಿಚಾರಿಸುವುದು ಲೇಸು. ಅನುಮತಿಯಿಲ್ಲದೆ ಸೇರಿಸಿದ ಕೋಣೆ ದಾಖಲೆಯಲ್ಲಿನ ಅಳತೆಗೆ ಹೊಂದದೆ, ಮುಂದೆ ಮಾರಾಟ, ಸಾಲ ಅಥವಾ ಪಾಲುವಿಭಾಗದ ವೇಳೆ ತೊಡಕಾಗುತ್ತದೆ.

ಸಿಬ್ಬಂದಿಯೂ ಒಂದು ಮಾತನ್ನು ನೆನಪಿಡಬೇಕು: ಪರವಾನಗಿ ಬೇಡದ ಕೆಲಸಕ್ಕೆ ಅರ್ಜಿ ಬಂದರೆ ಅದನ್ನು ಕಡತಕ್ಕೆ ಸೇರಿಸಿ ಕಾಯಿಸಬಾರದು, ‘ಬೇಡ’ ಎಂಬುದನ್ನು ಅಂದೇ ಹಿಂಬರಹದಲ್ಲಿ ತಿಳಿಸಬೇಕು. ಮೇಲೆ ಹೇಳಿದ ವೃದ್ಧೆಗೆ ಅಂದೇ ಹಿಂಬರಹ ನೀಡಲಾಯಿತು. ಮರುದಿನ ಹೆಂಚು ಹೊದಿಸಲಾಯಿತು. ಇನ್ನೊಂದು ಮನೆಯ ಕೆಲಸ ನಿಲ್ಲಿಸಿ, ಕಂಬ ಮತ್ತು ತೊಲೆಗಳ ಆಧಾರವುಳ್ಳ ಹೊಸ ನಕ್ಷೆ ಪಡೆದ ನಂತರ ಅನುಮತಿ ನೀಡಲಾಯಿತು. ಮೇಲಿನ ಮೂರು ಪ್ರಶ್ನೆಗಳನ್ನು ಪ್ರತಿ ಗ್ರಾಮ ಪಂಚಾಯಿತಿಯು ತನ್ನ ಸೂಚನಾ ಫಲಕದಲ್ಲಿ ಮಳೆಗಾಲಕ್ಕೆ ಮುನ್ನವೇ ಪ್ರಕಟಿಸುವುದು ಸೂಕ್ತ.