ಮಗುವಿನ ಟಾನ್ಸಿಲ್ ತೆಗೆಸಬೇಕೆ? ಮೊದಲು ಒಂದು ನೋಟ್‌ಬುಕ್ ಇಡಿ

ಮಗುವಿಗೆ ಮತ್ತೆ ಮತ್ತೆ ಗಂಟಲುನೋವು, ಜ್ವರ. ‘ಟಾನ್ಸಿಲ್ ದಪ್ಪಗಿದೆ, ತೆಗೆಸಿಬಿಡಿ’ ಎನ್ನುತ್ತಾರೆ ಪಕ್ಕದ ಮನೆಯವರು. ‘ಇಷ್ಟು ಚಿಕ್ಕ ಕೂಸಿಗೆ ಆಪರೇಷನ್ನೇ?’ ಎಂದು ಅಜ್ಜಿಗೆ ಗಾಬರಿ. ಕೋರಮಂಡಲ್, ಊರಿಗಾಂ, ಬಂಗಾರಪೇಟೆಯ ತಂದೆತಾಯಂದಿರಿಗೆ ನಾನು ಮೊದಲು ಹೇಳುವುದು ಇಷ್ಟೇ: ಟಾನ್ಸಿಲ್ ದಪ್ಪಗಿರುವುದೇ ರೋಗವಲ್ಲ. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಅದು ಸಹಜವಾಗಿಯೇ ದೊಡ್ಡದಿರುತ್ತದೆ, ಮುಂದೆ ತಾನಾಗಿ ಕುಗ್ಗುತ್ತದೆ. ನೋಡಬೇಕಾದದ್ದು ಎರಡು: ಸೋಂಕು ಎಷ್ಟು ಸಲ ಬಂತು, ರಾತ್ರಿ ಮಗು ಹೇಗೆ ಉಸಿರಾಡುತ್ತದೆ.

ಹಂತ 1: ಬರೆದಿಡಿ

ಹಳೆಯ ನೋಟ್‌ಬುಕ್ ಒಂದು ಸಾಕು. ಪ್ರತಿ ಸಲವೂ ಹೀಗೆ ಒಂದು ಸಾಲು: ‘ಜೂನ್ 12. ಜ್ವರ 102. ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ. ದವಡೆ ಕೆಳಗೆ ಗಂಟು, ಮುಟ್ಟಿದರೆ ನೋವು. ಮೂರು ದಿನ ಸ್ಕೂಲಿಲ್ಲ.’ ಡಾಕ್ಟರ ಚೀಟಿಯನ್ನೂ ಅದರೊಳಗೇ ಇಡಿ.

ನಮ್ಮೂರು ಕೆಜಿಎಫ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅದರ ತ್ಯಾಜ್ಯದ ಸೈನೈಡ್ ದಿಬ್ಬಗಳು ಇಲ್ಲೇ ಇವೆ. ಗಾಳಿ ಎದ್ದ ದಿನ ಅವುಗಳ ದೂಳು ಮನೆಯೊಳಗೂ ಬರುತ್ತದೆ. ಆಗ ಬರುವ ಸೀನು, ಕೆಮ್ಮು, ಗಂಟಲ ಕೆರೆತ ಟಾನ್ಸಿಲ್ ಸೋಂಕಲ್ಲ. ಅದನ್ನು ಬೇರೆ ಪುಟದಲ್ಲಿ ಬರೆಯಿರಿ.

ಹಂತ 2: ಎಣಿಸಿ

ವೈದ್ಯರು ಬಳಸುವ ಅಳತೆ 7-5-3. ಒಂದೇ ವರ್ಷದಲ್ಲಿ 7 ಸಲ, ಇಲ್ಲವೇ ಸತತ ಎರಡು ವರ್ಷ ವರ್ಷಕ್ಕೆ 5 ಸಲ, ಇಲ್ಲವೇ ಸತತ ಮೂರು ವರ್ಷ ವರ್ಷಕ್ಕೆ 3 ಸಲ. ಪ್ರತಿ ಸಲವೂ ಗಂಟಲುನೋವಿನ ಜೊತೆ 101 ಡಿಗ್ರಿ ದಾಟಿದ ಜ್ವರ, ಕತ್ತಿನ ಗಂಟು, ಟಾನ್ಸಿಲ್ ಮೇಲೆ ಕೀವು, ಸ್ಟ್ರೆಪ್ (ಗಂಟಲಿನ ಬ್ಯಾಕ್ಟೀರಿಯಾ) ಪರೀಕ್ಷೆ ಪಾಸಿಟಿವ್ – ಇವುಗಳಲ್ಲಿ ಒಂದಾದರೂ ಇರಬೇಕು. ಲೆಕ್ಕ ಇದಕ್ಕಿಂತ ಕಡಿಮೆ ಇದ್ದರೆ ಕಾಯುವುದೇ ಒಳ್ಳೆಯದು. ಎಷ್ಟೋ ಮಕ್ಕಳಿಗೆ ಒಂದು ವರ್ಷದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಟಾನ್ಸಿಲ್ ಪಕ್ಕದಲ್ಲಿ ಮತ್ತೆ ಮತ್ತೆ ಕೀವುಗಡ್ಡೆ ಆಗುತ್ತಿದ್ದರೆ, ಅಥವಾ ಹಲವು ಆಂಟಿಬಯಾಟಿಕ್‌ಗಳು ಮಗುವಿಗೆ ಅಲರ್ಜಿಯಾದರೆ ಮಾತು ಬೇರೆ.

ಹಂತ 3: ರಾತ್ರಿ ಕಿವಿಗೊಡಿ

ಮಗು ನಿದ್ದೆ ಹೋದ ಮೇಲೆ ಟಿ.ವಿ. ನಿಲ್ಲಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ. ಗೊರಕೆ ಕೇಳುತ್ತದೆ. ಇದ್ದಕ್ಕಿದ್ದಂತೆ ಅದು ನಿಲ್ಲುತ್ತದೆಯೆ? ಎದೆ ಒಳಕ್ಕೆ ಸೆಳೆದು, ಗಾಳಿ ಹೋಗದೆ, ಕೊನೆಗೆ ಮಗು ಬೆಚ್ಚಿದಂತೆ ಉಸಿರು ಎಳೆದುಕೊಳ್ಳುತ್ತದೆಯೆ? ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಾಕ್ಟರಿಗೆ ನೂರು ಮಾತು ಹೇಳುವುದಕ್ಕಿಂತ ಅದನ್ನು ತೋರಿಸುವುದು ಮೇಲು. ಬಾಯಲ್ಲಿ ಉಸಿರಾಟ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ತೂಕ ಏರದಿರುವುದು, ಹಗಲಲ್ಲಿ ಕಿರಿಕಿರಿ – ಇವನ್ನೂ ಬರೆಯಿರಿ.

ಉಸಿರು ಕಟ್ಟುತ್ತಿದ್ದರೆ 7-5-3 ಲೆಕ್ಕ ಬೇಕಿಲ್ಲ, ತಡಮಾಡದೆ ಡಾಕ್ಟರಿಗೆ ತೋರಿಸಿ. ತೊಂದರೆ ಸೌಮ್ಯ ಎಂದು ಅವರು ಹೇಳಿದರೆ ಕಾದು ನೋಡಬಹುದು. ಅಮೆರಿಕದಲ್ಲಿ 5ರಿಂದ 9 ವರ್ಷದ ಇಂಥ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ತಿಂಗಳ ನಂತರ ನಿದ್ರೆ ಪರೀಕ್ಷೆ ಸಹಜಕ್ಕೆ ಬಂದದ್ದು ಆಪರೇಷನ್ ಆದವರಲ್ಲಿ 79%, ಬರೀ ಕಾದವರಲ್ಲಿ 46%.

ಹಂತ 4: ಮದ್ದು ಅರ್ಧಕ್ಕೆ ಬಿಡಬೇಡಿ

ಹೆಚ್ಚಿನ ಗಂಟಲುನೋವು ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ಬೇಡ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರಬೇಡಿ. ಆದರೆ ಸ್ಟ್ರೆಪ್ ಎಂದು ಡಾಕ್ಟರು ಬರೆದುಕೊಟ್ಟರೆ, ಜ್ವರ ಬಿಟ್ಟ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಅರ್ಧಕ್ಕೆ ನಿಂತ ಸ್ಟ್ರೆಪ್ ಚಿಕಿತ್ಸೆಯಿಂದ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾಗಬಹುದು.

ಹಂತ 5: ಇಎನ್‌ಟಿ ಡಾಕ್ಟರ ಮುಂದೆ

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದವು. ನೋಟ್‌ಬುಕ್, ವಿಡಿಯೊ ಎರಡನ್ನೂ ಒಯ್ಯಿರಿ. ಸಂಕೋಚವಿಲ್ಲದೆ ಕೇಳಿ: ಯಾವ ಕಾರಣಕ್ಕೆ ತೆಗೆಯುತ್ತೀರಿ, ಸೋಂಕಿಗೋ ಉಸಿರಾಟಕ್ಕೋ? ಮೂಗಿನ ಹಿಂದಿರುವ ಅಡಿನಾಯ್ಡ್ ಕೂಡ ತೆಗೆಯಬೇಕೆ? ಆರು ತಿಂಗಳು ಕಾದರೆ ಏನಾಗುತ್ತದೆ? ರಾತ್ರಿ ಅಲ್ಲೇ ಉಳಿಯಬೇಕೆ? ಮೂರು ವರ್ಷದೊಳಗಿನ ಮಗುವಾದರೆ ಉಳಿಯಲೇಬೇಕು. ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದ್ದರೆ, ಮಗುವಿನ ಹಲ್ಲು ಅಲ್ಲಾಡುತ್ತಿದ್ದರೆ ಮೊದಲೇ ಹೇಳಿ.

ಹಂತ 6: ಒಪ್ಪುವ ಮುನ್ನ ಎರಡು ವಾರದ ತಯಾರಿ

ಆಪರೇಷನ್ ಆದ ಮೇಲೆ ವಾರ, ಹತ್ತು ದಿನ ನೋವಿರುತ್ತದೆ. ಕಿವಿಯೂ ನೋಯುತ್ತದೆ. ಗಂಟಲಲ್ಲಿ ಕಾಣುವ ಬಿಳಿ ಪದರ ಕೀವಲ್ಲ, ಗಾಯ ಮಾಯುವ ಗುರುತು. ಗುಟುಕು ಗುಟುಕಾಗಿ ನೀರು, ತಣ್ಣಗಾದ ಗಂಜಿ, ರಾಗಿ ಅಂಬಲಿ ಕೊಡುತ್ತಿರಿ. ಬರೆದುಕೊಟ್ಟ ನೋವಿನ ಔಷಧಿ ಮಾತ್ರ ಕೊಡಿ. ಆಸ್ಪಿರಿನ್ ಬೇಡ, 12 ವರ್ಷದೊಳಗಿನವರಿಗೆ ಕೋಡೀನ್ ಇರುವ ಔಷಧಿ ಬೇಡವೇ ಬೇಡ.

ರಕ್ತಸ್ರಾವ ಮೊದಲ 24 ಗಂಟೆಯಲ್ಲಿ ಆಗಬಹುದು. ಪದರ ಉದುರುವ 5ರಿಂದ 10ನೆಯ ದಿನದ ನಡುವೆ ಮತ್ತೊಮ್ಮೆ ಆಗಬಹುದು. ಬಾಯಲ್ಲಿ ಕೆಂಪು ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಕೆಜಿಎಫ್‌ನಿಂದ ಕೋಲಾರ ಸುಮಾರು 30 ಕಿ.ಮೀ., ನಡುರಾತ್ರಿ ರೈಲನ್ನು ನಂಬಿ ಕೂರಲಾಗದು. ಯಾರ ವಾಹನ, ಯಾರ ಫೋನ್ ಎಂಬುದನ್ನು ಮೊದಲೇ ಗೊತ್ತುಮಾಡಿ ಅದೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡಿ.

‘ಸದ್ಯ ಬೇಡ’ ಎಂದು ತೀರ್ಮಾನವಾದರೂ ನೋಟ್‌ಬುಕ್ ಮುಚ್ಚಬೇಡಿ. ಆರು ತಿಂಗಳ ನಂತರ ಇನ್ನೊಮ್ಮೆ ಎಣಿಸಿ. ಪಕ್ಕದ ಮನೆಯವರಿಗೂ ಅಜ್ಜಿಗೂ ಆಗ ನೀವು ತೋರಿಸುವುದು ನಿಮ್ಮ ಮಗುವಿನದೇ ಲೆಕ್ಕ.