1962ರ ಸ್ವರ್ಣಪದಕದ ಫುಟ್ಬಾಲ್ ತಂಡಕ್ಕೆ ತಕ್ಕ ಬೆಲೆ ದೊರೆಯಿತೇ? — ಒಂದು ಚರ್ಚಾಪಾಠ

ಚರ್ಚಾಕೂಟವೆಂಬುದು ಬಾಲಿಕೆಯರಿಗೆ ಬರಿಯ ವಾಕ್ಚಾತುರ್ಯವನ್ನು ಕಲಿಸುವ ಸ್ಥಳವೆಂದು ಕೆಲವರು ಎಣಿಸುವುದುಂಟು. ಎದುರಾಳಿಯ ಬಾಯಿ ಮುಚ್ಚಿಸುವುದೇ ಅದರ ಗುರಿಯಾಗಿದ್ದರೆ ನಮ್ಮಂಥ ಶಾಲೆಯಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಒಂದು ಸಂಗತಿಯನ್ನು ಎರಡು ಕಡೆಗಳಿಂದಲೂ ನೋಡಿ, ಸಾಕ್ಷ್ಯವನ್ನು ತೂಗಿ, ಸತ್ಯವಾದಷ್ಟನ್ನೇ ಹೇಳುವ ಅಭ್ಯಾಸವು ಉಂಟಾಗಬೇಕೆಂಬುದೇ ಅದರ ಉದ್ದೇಶ. ಈ ಅಭ್ಯಾಸಕ್ಕೆ ದೊಡ್ಡ ರಾಜಕೀಯ ಪ್ರಶ್ನೆಗಳೇ ಬೇಕೆಂದಿಲ್ಲ. ಆಟದ ಮೈದಾನದ ಒಂದು ಪ್ರಶ್ನೆಯೂ ಸಾಕು. ಮೇಲ್ತರಗತಿಯ ಹುಡುಗಿಯರು ಚರ್ಚಿಸಲು ತಕ್ಕದ್ದೆಂದು ನನಗೆ ತೋರಿದ ಒಂದು ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಪಾಠದ ಕ್ರಮದಲ್ಲಿಯೇ ಇಡುತ್ತೇನೆ. ವಿಷಯವಿದು: 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ವರ್ಣಪದಕವನ್ನು ಗೆದ್ದ ಭಾರತದ ಫುಟ್ಬಾಲ್ ತಂಡಕ್ಕೆ ಅದರ ಯೋಗ್ಯತೆಗೆ ತಕ್ಕ ಬೆಲೆ ದೊರೆಯಿತೇ, ಇಲ್ಲವೇ?

1. ನಡೆದ ಸಂಗತಿ

ಯಾವ ವಾದಕ್ಕೂ ಮೊದಲು ಸಂಗತಿಯನ್ನು ತಿಳಿಯಬೇಕು. ಆ ಕೂಟದ ಫುಟ್ಬಾಲ್ ಪಂದ್ಯಗಳಲ್ಲಿ ಎಂಟು ದೇಶಗಳ ತಂಡಗಳಿದ್ದವು. ನಮ್ಮ ತಂಡದ ನಾಯಕರು ಬಂಗಾಳದ ಚುನಿ ಗೋಸ್ವಾಮಿಯವರು. ಅವರೊಂದಿಗೆ ಮುಂಚೂಣಿಯಲ್ಲಿ ಪಿ. ಕೆ. ಬ್ಯಾನರ್ಜಿ ಮತ್ತು ಸಿಕಂದರಾಬಾದಿನ ಕಡೆಯ ತುಳಸೀದಾಸ ಬಲರಾಮ್ ಇದ್ದರು. ಬೆಂಗಳೂರಿನವರಾದ ಅರುಮೈನಾಯಗಂ ಅವರೂ ಆ ತಂಡದಲ್ಲಿದ್ದರೆಂಬುದು ಕನ್ನಡನಾಡಿನವರಿಗೆ ಸಂತೋಷದ ವಿಷಯ.

ಮೊದಲನೆಯ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಾದ ಎದುರು 0-2ರಿಂದ ಸೋತಿತು. ಬಳಿಕ ಥಾಯ್ಲೆಂಡನ್ನು 4-1ರಿಂದಲೂ ಜಪಾನನ್ನು 2-0ಯಿಂದಲೂ ಸೋಲಿಸಿತು. ಥಾಯ್ಲೆಂಡಿನ ಎದುರಿನ ಆಟದಲ್ಲಿ ರಕ್ಷಣಾಪಂಕ್ತಿಯ ಜರ್ನೈಲ್ ಸಿಂಗರ ತಲೆಗೆ ಬಲವಾದ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ಆದರೂ ಅವರು ತಲೆಗೆ ಪಟ್ಟಿ ಕಟ್ಟಿಕೊಂಡು ಉಪಾಂತ್ಯ ಪಂದ್ಯಕ್ಕೆ ಇಳಿದರು. ಅದೂ ತಮ್ಮ ಎಂದಿನ ಸ್ಥಾನದಲ್ಲಿ ಅಲ್ಲ, ಮುಂಚೂಣಿಯಲ್ಲಿ. ದಕ್ಷಿಣ ವಿಯೆಟ್ನಾಮನ್ನು 3-2ರಿಂದ ಗೆದ್ದ ಆ ಪಂದ್ಯದಲ್ಲಿ ಅವರೂ ಒಂದು ಗೋಲನ್ನು ಹೊಡೆದರು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಿಗೆ ಮತ್ತೆ ಅದೇ ದಕ್ಷಿಣ ಕೊರಿಯಾ. 17ನೆಯ ನಿಮಿಷದಲ್ಲಿ ಬ್ಯಾನರ್ಜಿಯವರೂ 20ನೆಯ ನಿಮಿಷದಲ್ಲಿ ಜರ್ನೈಲ್ ಸಿಂಗರೂ ಗೋಲು ಹೊಡೆದರು. ಕೊರಿಯಾ ಕಡೆಯ ಹೊತ್ತಿನಲ್ಲಿ ಒಂದು ಗೋಲನ್ನು ತೀರಿಸಿತು. 2-1ರಿಂದ ಭಾರತ ಗೆದ್ದಿತು. ಐದು ಪಂದ್ಯಗಳಲ್ಲಿ ಹೊಡೆದ ಗೋಲುಗಳು 11, ಬಿಟ್ಟುಕೊಟ್ಟವು 6.

2. ಪ್ರಶ್ನೆಯನ್ನು ಸರಿಯಾಗಿ ಇಡುವುದು

"ತಕ್ಕ ಬೆಲೆ ದೊರೆಯಲಿಲ್ಲ" ಎಂದು ಯಾರಾದರೂ ಹೇಳಿದೊಡನೆ ಚರ್ಚಾಪಟುವಾದ ಬಾಲಿಕೆಯು ಎರಡು ಮಾತುಗಳನ್ನು ಕೇಳಬೇಕು. ಬೆಲೆ ಕಟ್ಟಿದವರು ಯಾರು? ಯಾವ ಅಳತೆಯಿಂದ? ಏಷ್ಯಾ ಖಂಡದ ಅಳತೆಯೇ, ಜಗತ್ತಿನ ಅಳತೆಯೇ? ಆ ಕಾಲದವರ ಎಣಿಕೆಯೇ, ಅನಂತರದ ತಲೆಮಾರುಗಳ ನೆನಪೇ? ಇವನ್ನು ಬೇರ್ಪಡಿಸದೆ ವಾದಿಸುವವರು ಒಬ್ಬರು ಸೇರಿನಲ್ಲಿಯೂ ಇನ್ನೊಬ್ಬರು ಗಜದಲ್ಲಿಯೂ ಅಳೆಯುವ ವರ್ತಕರಂತೆ ಎಂದಿಗೂ ಒಂದು ತೀರ್ಮಾನಕ್ಕೆ ಬರಲಾರರು.

3. ಬೆಲೆ ಕಡಿಮೆಯಾಯಿತೆಂಬ ಪಕ್ಷ

ಈ ಪಕ್ಷದವರ ಮೊದಲನೆಯ ವಾದವು ಎದುರಾಳಿಗಳ ಬಲವನ್ನು ಕುರಿತದ್ದು. 1956 ಮತ್ತು 1960ರ ಏಷ್ಯನ್ ಕಪ್ಪುಗಳೆರಡನ್ನೂ ಗೆದ್ದದ್ದು ದಕ್ಷಿಣ ಕೊರಿಯಾ. ಅಂಥವರನ್ನು, ಅದೇ ಕೂಟದಲ್ಲಿ ಒಮ್ಮೆ ಸೋತ ಮೇಲೆ, ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ಅದೃಷ್ಟದ ಮಾತ್ರದಿಂದ ಆಗುವ ಕೆಲಸವಲ್ಲ.

ಎರಡನೆಯದು ಪರಿಸ್ಥಿತಿಯನ್ನು ಕುರಿತದ್ದು. ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಳುಗಳಿಗೆ ಇಂಡೋನೇಷ್ಯಾ ಪ್ರವೇಶ ಕೊಡಲಿಲ್ಲ. ಹೀಗಾದ ಮೇಲೆ ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯುವುದು ಸರಿಯಲ್ಲವೆಂಬ ಅಭಿಪ್ರಾಯವನ್ನು ಭಾರತದ ಕ್ರೀಡಾಧುರೀಣರಾದ ಗುರುದತ್ತ ಸೋಂಧಿಯವರು ಮುಂದಿಟ್ಟರು. ಅದರಿಂದ ಜಕಾರ್ತದ ಜನರು ಕೆರಳಿದರು. ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಅಂತಿಮ ಪಂದ್ಯದಲ್ಲಿ ತುಂಬಿದ ಮೈದಾನವು ನಮ್ಮವರನ್ನು ಕೂಗಿ ಹೀಯಾಳಿಸಿತು. ಅಷ್ಟು ಜನರ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ತಮಗೆ ಹುರಿದುಂಬಿಸಿದರೆಂದು ನಮ್ಮ ಆಟಗಾರರು ಅನಂತರ ನೆನೆದು ಹೇಳಿದ್ದುಂಟು. ಆಡದ ಮಾತಿನ ಹೊಣೆಯನ್ನು ಹೊತ್ತು, ಮನಸ್ಸಿನ ಸಮತೆಯನ್ನು ಕೆಡಿಸಿಕೊಳ್ಳದೆ ಆಡಿದುದು ಸಾಮಾನ್ಯವಾದ ಗುಣವಲ್ಲ.

ಮೂರನೆಯದು ಮರೆವನ್ನು ಕುರಿತದ್ದು. 1983ರಲ್ಲಿ ಕ್ರಿಕೆಟಿನ ವಿಶ್ವಕಪ್ಪನ್ನು ಗೆದ್ದವರ ಹೆಸರುಗಳನ್ನು ಅನೇಕ ಮನೆಗಳಲ್ಲಿ ಮಕ್ಕಳೂ ಬಲ್ಲರು. 1962ರ ಹನ್ನೊಂದು ಜನರಲ್ಲಿ ಮೂವರ ಹೆಸರನ್ನು ಹೇಳಬಲ್ಲ ಹಿರಿಯರು ವಿರಳ. ಗೋಸ್ವಾಮಿಯವರಿಗೆ 1983ರಲ್ಲಿಯೂ ಬ್ಯಾನರ್ಜಿಯವರಿಗೆ 1990ರಲ್ಲಿಯೂ ಪದ್ಮಶ್ರೀ ಸಂದಿತು. 1962ರಲ್ಲಿಯೇ ಅರ್ಜುನ ಪ್ರಶಸ್ತಿಯನ್ನು ಪಡೆದಿದ್ದ ಬಲರಾಮರು 2023ರಲ್ಲಿ ತೀರಿಕೊಳ್ಳುವ ತನಕ ಆ ಗೌರವವನ್ನು ಕಾಣಲಿಲ್ಲ.

4. ಬೆಲೆ ಸರಿಯಾಗಿಯೇ ಇತ್ತೆಂಬ ಪಕ್ಷ

ಈ ಪಕ್ಷಕ್ಕೂ ಗಟ್ಟಿಯಾದ ಆಧಾರಗಳಿವೆ. ನಮಗೆ ಪ್ರಿಯವಲ್ಲವೆಂದು ಅವನ್ನು ಬಚ್ಚಿಡುವುದು ಚರ್ಚೆಯ ಧರ್ಮವಲ್ಲ.

1954 ಮತ್ತು 1958ರ ಏಷ್ಯನ್ ಕೂಟಗಳಲ್ಲಿ ಫುಟ್ಬಾಲಿನ ಸ್ವರ್ಣವನ್ನು ಗೆದ್ದದ್ದು ತೈವಾನಿನ ತಂಡ. ಇಸ್ರೇಲ್ 1956 ಮತ್ತು 1960ರ ಏಷ್ಯನ್ ಕಪ್ಪುಗಳಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ಈ ಎರಡು ಬಲಿಷ್ಠ ತಂಡಗಳೂ ಜಕಾರ್ತಕ್ಕೆ ಬರುವಂತಿರಲಿಲ್ಲ. ಬಾರದವರನ್ನು ಗೆದ್ದೆವೆಂದು ಹೇಳಲಾಗದು.

ಎರಡನೆಯದಾಗಿ, 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತವು ನಾಲ್ಕನೆಯ ಸ್ಥಾನ ಪಡೆದುದನ್ನು ಆ ಯುಗದ ಹಿರಿಮೆಗೆ ಸಾಕ್ಷಿಯಾಗಿ ಕೊಡುವುದು ವಾಡಿಕೆ. ನಿಜ, ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ದಿನ ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಆದರೆ ಅದಕ್ಕೂ ಮೊದಲು ಹಂಗೇರಿಯು ಹಿಂದೆಗೆದುದರಿಂದ ಭಾರತಕ್ಕೆ ಆಡದೆಯೇ ಮುಂದಿನ ಸುತ್ತು ದೊರೆತಿತ್ತು; ಮುಂದೆ ಯುಗೊಸ್ಲಾವಿಯಾದ ಎದುರು 1-4ರಿಂದಲೂ ಬಲ್ಗೇರಿಯಾದ ಎದುರು 0-3ರಿಂದಲೂ ಸೋಲಾಯಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೊಡನೆ 1-1ರ ಸಮಬಲ. ಹಂಗೇರಿಯ ಎದುರು 1-2ರ, ಪೆರುವಿನ ಎದುರು 1-3ರ ಸೋಲು. ಇನ್ನು ವಿಶ್ವಕಪ್ಪಿನ ಮಾತು: 1950ರಲ್ಲಿ ಸ್ಥಾನ ದೊರೆತಿದ್ದರೂ ಭಾರತ ಹೋಗಲಿಲ್ಲ, 1962ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿಯೂ ಆಡಲಿಲ್ಲ. ಆದುದರಿಂದ ಆ ತಂಡವನ್ನು ಜಗತ್ತಿನ ಅತ್ಯುತ್ತಮ ತಂಡಗಳ ಸಾಲಿಗೆ ಏರಿಸುವುದಕ್ಕೆ ಸಾಕ್ಷ್ಯವಿಲ್ಲ.

ಮೂರನೆಯದಾಗಿ, 2024ರಲ್ಲಿ ಬಂದ "ಮೈದಾನ್" ಎಂಬ ಹಿಂದಿ ಚಲನಚಿತ್ರದಿಂದ ಈ ಕಥೆಯು ಅನೇಕರಿಗೆ ತಿಳಿಯಿತು. ಚಿತ್ರವು ಮನಸ್ಸನ್ನು ಎಚ್ಚರಿಸಬಲ್ಲದು. ಆದರೆ ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಲಾರದು. ಚರ್ಚೆಗೆ ಬರುವ ಬಾಲಿಕೆಯು ಪಂದ್ಯಗಳ ದಾಖಲೆಯನ್ನು ಓದಿ ಬರಬೇಕು.

5. ತೂಗಿ ನೋಡಿದರೆ

ಎರಡು ಪಕ್ಷಗಳ ಮಾತನ್ನೂ ಕೇಳಿದ ಮೇಲೆ ನನ್ನ ತೀರ್ಮಾನ ಹೀಗಿದೆ. ಜಗತ್ತಿನ ಅಳತೆಯಲ್ಲಿ ಆ ತಂಡವು ಇದ್ದಲ್ಲಿಯೇ ಇರಲಿ; ಅದನ್ನು ಎತ್ತರಕ್ಕೇರಿಸಲು ನಾವು ಹಾಗಾಗಿದ್ದರೆ, ಹೀಗಾಗಿದ್ದರೆ ಎಂಬ ಮಾತುಗಳ ಏಣಿಯನ್ನು ಹಾಕಬೇಕಾಗಿಲ್ಲ. ಏಷ್ಯಾದ ಅಳತೆಯಲ್ಲಿ ಅದು ಪ್ರಥಮ ಶ್ರೇಣಿಯದು. 1951ರ ದೆಹಲಿಯ ಸ್ವರ್ಣ, 1962ರ ಸ್ವರ್ಣ, 1964ರ ಏಷ್ಯನ್ ಕಪ್ಪಿನ ಎರಡನೆಯ ಸ್ಥಾನ, ಈ ಮೂರೂ ಒಂದೇ ಕಾಲಘಟ್ಟದ ಫಲಗಳು. ಎದುರಾಡಿದವರು ಇದನ್ನು ಬಲ್ಲರು. ಬೆಲೆ ಕಡಿಮೆಯಾದುದು ನಮ್ಮ ಮನೆಯಲ್ಲಿಯೇ, ಅದೂ ತಿರಸ್ಕಾರದಿಂದಲ್ಲ, ಮರೆವಿನಿಂದ. ಪಂದ್ಯವು ಸೆಪ್ಟೆಂಬರ್ 4ರಂದು ಮುಗಿಯಿತು. ಅಕ್ಟೋಬರ್ 20ರಂದು ಚೀನಾದೊಡನೆ ಯುದ್ಧ ಆರಂಭವಾಯಿತು. ದೇಶದ ಗಮನವೆಲ್ಲ ಹಿಮಾಲಯದ ಕಡೆಗೆ ತಿರುಗಿತು. ಮನೆಮನೆಯಲ್ಲಿ ಟೆಲಿವಿಷನ್ ಇರದ ಕಾಲವದು. ಕಣ್ಣಾರೆ ಕಾಣದ ಗೆಲುವು ಬೇಗನೆ ಮಸುಕಾಗುತ್ತದೆ. ಬಳಿಕ 1970ರಲ್ಲಿ ಬ್ಯಾಂಕಾಕಿನಲ್ಲಿ ಒಂದು ಕಂಚಿನ ಪದಕ ಬಂದುದನ್ನು ಬಿಟ್ಟರೆ ಹಳೆಯ ಗೆಲುವನ್ನು ನೆನಪಿಗೆ ತರುವ ಹೊಸ ಗೆಲುವೂ ಆ ಕೂಟದಲ್ಲಿ ಬರಲಿಲ್ಲ.

ಆದರೆ ಎಲ್ಲಕ್ಕಿಂತ ಕಡಿಮೆ ಬೆಲೆ ಕಟ್ಟಲ್ಪಟ್ಟವರು ಆಟಗಾರರಲ್ಲ, ಅವರನ್ನು ತಿದ್ದಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಎಂದು ನಾನು ನಂಬುತ್ತೇನೆ. ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದುದು ಅವರ ಶಿಕ್ಷಣದ ಫಲ. 1958ರಲ್ಲಿ ಬ್ರೆಜಿಲ್ ಪ್ರಸಿದ್ಧಿಗೊಳಿಸಿದ 4-2-4ರ ವಿನ್ಯಾಸವನ್ನು ಅವರು ಭಾರತದ ತಂಡಕ್ಕೆ ಅಭ್ಯಾಸ ಮಾಡಿಸಿದರು. ಬಲಗಾಲಿನವರು ಎಡಗಾಲಿನಿಂದಲೇ ಆಡಬೇಕೆಂಬ ನಿಯಮದ ಪಂದ್ಯಗಳನ್ನು ನಡೆಸುತ್ತಿದ್ದರು. ಇದರ ಅರ್ಥವನ್ನು ಪ್ರತಿಯೊಬ್ಬ ಉಪಾಧ್ಯಾಯಿನಿಯೂ ಬಲ್ಲಳು: ಬಲವಾದುದನ್ನು ಮೆಚ್ಚಿಕೊಂಡು ಕೂರದೆ ದುರ್ಬಲವಾದುದಕ್ಕೆ ದಿನದಿನವೂ ಕೆಲಸ ಕೊಡುವುದೇ ಶಿಕ್ಷಣ. ಗಾಯಗೊಂಡ ರಕ್ಷಕನನ್ನು ಮುಂದೆ ನಿಲ್ಲಿಸಿ ಗೋಲು ಪಡೆದುದೂ ಅವರ ತಿಳಿವಳಿಕೆಯೇ. ಜಕಾರ್ತಕ್ಕೆ ಹೋದಾಗ ಅವರ ದೇಹದಲ್ಲಿ ಕ್ಯಾನ್ಸರ್ ರೋಗವಿತ್ತು. 1963ರ ಜೂನ್ 11ರಂದು, ಆ ಗೆಲುವಿನ ವರ್ಷವೂ ತುಂಬುವ ಮೊದಲೇ, ತೀರಿಕೊಂಡರು.

6. ತಂದೆತಾಯಿಗಳಿಗೆ ಎರಡು ಮಾತು

ಈ ಪಾಠವು ಫುಟ್ಬಾಲಿಗೆ ಮಾತ್ರ ಸೇರಿದುದಲ್ಲ. ಮೊದಲನೆಯ ಪಂದ್ಯದ 0-2ನ್ನು ನೋಡಿ ತಂಡದ ಮೇಲೆ ತೀರ್ಪು ಬರೆದಿದ್ದರೆ ಏನಾಗುತ್ತಿತ್ತು? ಮೊದಲನೆಯ ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು, "ಇವಳಿಗೆ ಓದು ಹತ್ತುವುದಿಲ್ಲ, ಶಾಲೆ ಬಿಡಿಸುತ್ತೇವೆ" ಎಂದು ಹೇಳುವ ತಂದೆತಾಯಿಗಳು ಈಗಲೂ ಇದ್ದಾರೆ. ಅವರು ಕೊಂಚ ತಾಳಿ, ಅದೇ ಎದುರಾಳಿಯನ್ನು ಮಗುವು ಎರಡನೆಯ ಸಲ ಎದುರಿಸುವುದನ್ನು ನೋಡಬೇಕು. ಪ್ರವಾದಿ ಸಮುವೇಲನು ಇಷಯನ ಮನೆಗೆ ಬಂದಾಗ ಎತ್ತರದ ಅಣ್ಣಂದಿರೆಲ್ಲ ಸಾಲಾಗಿ ನಿಂತಿದ್ದರು. ಕುರಿ ಕಾಯುತ್ತಿದ್ದ ಕಿರಿಯವನನ್ನು ಕರೆಯಬೇಕೆಂದು ತಂದೆಗೇ ತೋಚಲಿಲ್ಲ. ಮನೆಯವರೇ ಬೆಲೆಯನ್ನು ತಪ್ಪಾಗಿ ಕಟ್ಟುವುದು ಅಷ್ಟು ಹಳೆಯ ಸಂಗತಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತಪ್ಪು ಇನ್ನೂ ಸುಲಭ. ಭಾರತದ ಮಹಿಳೆಯರ ಫುಟ್ಬಾಲ್ ತಂಡವು 1983ರಲ್ಲಿ ಏಷ್ಯಾದಲ್ಲಿ ಎರಡನೆಯ ಸ್ಥಾನ ಪಡೆದಿತ್ತೆಂಬುದನ್ನು ಎಷ್ಟು ಮನೆಗಳು ಬಲ್ಲವು? 2025ರಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲಿಯೇ 2-1ರಿಂದ ಸೋಲಿಸಿ, ಅದೇ ತಂಡವು 2026ರ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಮಕ್ಕಳೊಡನೆ ಈ ಪ್ರಶ್ನೆಯನ್ನು ಒಂದು ಸಂಜೆ ಚರ್ಚಿಸಿರಿ. ಅವರಿಗೆ ಬಲವಾದ ಪಕ್ಷವನ್ನು ಬಿಟ್ಟುಕೊಟ್ಟು ನೀವು ದುರ್ಬಲ ಪಕ್ಷವನ್ನು ಹಿಡಿಯಿರಿ. ಅದೂ ಒಂದು ಎಡಗಾಲಿನ ಅಭ್ಯಾಸವೇ. ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳನ್ನು ಕೊಡುತ್ತೇನೆ. ಬಲಿಷ್ಠರು ಬಾರದ ಕೂಟದಲ್ಲಿ ಗೆದ್ದವರ ಗೆಲುವು ಎಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ? ಗೆಲುವಿನ ಬೆಲೆಯನ್ನು ಫಲದಿಂದ ಅಳೆಯಬೇಕೋ, ಫಲಕ್ಕಾಗಿ ಪಟ್ಟ ಶ್ರಮದಿಂದಲೋ? ಶಿಷ್ಯರ ಹೆಸರು ಉಳಿದು ಗುರುವಿನ ಹೆಸರು ಮರೆಯಾದರೆ ಅದಕ್ಕೆ ಹೊಣೆಯಾರು? ಉತ್ತರಗಳು ಒಂದೇ ಆಗಿರಬೇಕೆಂದಿಲ್ಲ. ಪ್ರತಿಯೊಂದು ಉತ್ತರಕ್ಕೂ ಆಧಾರವಿರಬೇಕು, ಎದುರು ಪಕ್ಷಕ್ಕೆ ಗೌರವವಿರಬೇಕು.