ಸಿಗ್ನಲ್‌ನಲ್ಲಿ ಆಫ್ ಆಗುವ ಹಳೇ ಕಾರು: ಬಿಚ್ಚುವ ಮೊದಲು ಏನು ಕೇಳಬೇಕು?



ಬಿಡದಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ತಟ್ಟೆ ಇಡ್ಲಿ, ಆಮೇಲೆ ಟೊಯೋಟಾ ಕಾರ್ಖಾನೆ. 1999ರ ಡಿಸೆಂಬರ್‌ನಲ್ಲಿ ಇಲ್ಲಿ ಕ್ವಾಲಿಸ್ ತಯಾರಿಕೆ ಶುರುವಾದಾಗ ನಾವು ವಿದ್ಯಾರ್ಥಿಗಳ್ಯಾರೂ ಹುಟ್ಟಿರಲಿಲ್ಲ. ಹೊಸ ಕಾರು ಹುಟ್ಟುವ ಇದೇ ಊರಿನಲ್ಲಿ, ಹೈವೇ ಪಕ್ಕದ ನಮ್ಮ ಮಾಮುವಿನ ಗ್ಯಾರೇಜಿಗೆ ಹಳೇ ಕಾರುಗಳೂ ಬರುತ್ತವೆ. ಭಾನುವಾರ ನಾನು ಅಲ್ಲಿ ಕೆಲಸ ಕಲಿಯುತ್ತೇನೆ. ಅಲ್ಲಿ ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಕಾರು ತಂದರು. ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ಆಟೋಮ್ಯಾಟಿಕ್ ಗೇರು. "ನಿಲ್ಲಿಸಿದ ಕಡೆಯೆಲ್ಲ ಆಫ್ ಆಗುತ್ತಪ್ಪ" ಎಂದರು. ಮಾಮು ಊರಲ್ಲಿರಲಿಲ್ಲ. ನಾನು ಏನೂ ಕೇಳದೆ "ಕಾರ್ಬುರೇಟರ್ ಕಸ ಕಟ್ಟಿದೆ ಸಾರ್" ಎಂದೆ. ಬಿಚ್ಚಿ, ತೊಳೆದು, ಸ್ಲೋ ಸ್ವಲ್ಪ ಏರಿಸಿ, ದುಡ್ಡು ತೆಗೆದುಕೊಂಡು ಕಳಿಸಿದೆ. ಅದೇ ಸಂಜೆ ಬೈರಮಂಗಲ ಕ್ರಾಸ್‌ನಲ್ಲಿ ಕಾರು ನಿಂತುಹೋಯಿತು. ಒಳಗೆ ಅವರ ಹೆಂಡತಿ, ಹಿಂದೆ ಲಾರಿ. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಾಮು ಬೈಯಲಿಲ್ಲ. "ಡಾಕ್ಟರ್ ನಾಡಿ ನೋಡದೆ ಆಪರೇಷನ್ ಮಾಡ್ತಾರೇನೋ?" ಎಂದಷ್ಟೇ ಕೇಳಿದರು.

ಆಟೋಮ್ಯಾಟಿಕ್ ಕಾರಿನಲ್ಲಿ ವಿಶೇಷವೇನು?

ಸಾಮಾನ್ಯ ಕಾರಿನಲ್ಲಿ ನಿಲ್ಲುವಾಗ ಕ್ಲಚ್ ತುಳಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎದುರಿನ ರೆಕ್ಕೆಗಳ ಮೇಲೆ ಎಸೆಯುತ್ತವೆ. ಡಿ ಗೇರಿನಲ್ಲಿ ಬ್ರೇಕ್ ಹಿಡಿದು ನಿಂತಾಗಲೂ ಎಂಜಿನ್ ಈ ಎಣ್ಣೆಯನ್ನು ಕಲಕುತ್ತಲೇ ಇರಬೇಕು. ಪಿ ಅಥವಾ ಎನ್‌ನಲ್ಲಿ ಹೇಗೋ ಓಡುವ ಸೋತ ಎಂಜಿನ್ ಡಿಗೆ ಹಾಕಿದೊಡನೆ ಉಸಿರು ಬಿಡುವುದು ಇದಕ್ಕೇ.

ಹಾಗೆ ನಿಂತ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲೂ ಸಾಮಾನ್ಯವಾಗಿ ಆಗುವುದಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುವುದೇ ಎಂಜಿನ್. ಎಂಜಿನ್ ನಿಂತರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಒಳಗಿನ ಕ್ಲಚ್‌ಗಳು ಹಿಡಿಯುವುದಿಲ್ಲ.

ಮಾಮು ಕೇಳಿಸಿದ ನಾಲ್ಕು ಪ್ರಶ್ನೆ

1. ತಣ್ಣಗಿದ್ದಾಗ ಮಾತ್ರ ನಿಲ್ಲುತ್ತದೆಯೇ? ಚೋಕ್ ನೋಡಿ.

2. ಬಿಸಿಯಾದ ಮೇಲೆ ನಿಲ್ಲುತ್ತದೆಯೇ? ನಿಂತ ಕೂಡಲೇ ಪ್ಲಗ್‌ಗೆ ಕಿಡಿ ಬರುತ್ತಿದೆಯೇ ನೋಡಿ. ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್ ಮೇಲೆ ಅನುಮಾನ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ದಾರಿ ಹಿಡಿಯಿರಿ: ಪಂಪು, ಫಿಲ್ಟರ್, ಪೈಪಿನಲ್ಲೇ ಪೆಟ್ರೋಲ್ ಆವಿಯಾಗುವುದು. 2023ರಿಂದ ಬಂಕ್‌ಗಳಿಗೆ ಬಂದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪುಗಳು ಹೊಂದುವುದಿಲ್ಲ. ಅವನ್ನೂ ಮುಟ್ಟಿ ನೋಡಬೇಕು.

3. ನಿಲ್ಲುವ ಮುಂಚೆ ಎನ್‌ಗೆ ತಂದರೆ ಉಳಿಯುತ್ತದೆಯೇ? ಉಳಿದರೆ, ಡಿಯ ಹೊರೆಯನ್ನು ಎಂಜಿನ್ ತಾಳುತ್ತಿಲ್ಲ. ಸ್ಲೋ ಕಡಿಮೆ ಇರಬಹುದು, ಎಲ್ಲೋ ಗಾಳಿ ಎಳೆಯುತ್ತಿರಬಹುದು. ಲಾಕ್-ಅಪ್ ಇರುವ ಗೇರ್‌ಬಾಕ್ಸ್ ಆದರೆ ಆ ಲಾಕ್ ಬಿಡದೆ ಅಂಟಿರಲೂಬಹುದು.

4. ಹೊಗೆಯ ಬಣ್ಣವೇನು? ಗೇರ್ ಎಣ್ಣೆ ಇಳಿಯುತ್ತಿದೆಯೇ?

ಮೂರನೆಯದಕ್ಕೆ ಮೇಷ್ಟ್ರು "ಹೌದು, ಎನ್‌ಗೆ ಹಾಕಿದರೆ ಉಳಿಯುತ್ತೆ" ಎಂದರು. ನಾಲ್ಕನೆಯದಕ್ಕೆ ಸ್ವಲ್ಪ ಯೋಚಿಸಿ, "ಬಿಳಿ ಹೊಗೆ ಬರುತ್ತೆ, ಗೇರ್ ಎಣ್ಣೆ ತಿಂಗಳಿಗೊಮ್ಮೆ ಹಾಕ್ತೀನಿ, ಆದ್ರೆ ಕೆಳಗೆ ಒಂದು ತೊಟ್ಟೂ ಸೋರಲ್ಲ" ಎಂದರು.

ಕೆಳಗೆ ಸೋರದ ಎಣ್ಣೆ ಎಲ್ಲಿ ಹೋಗುತ್ತಿದೆ?

ಮಾಮು ಎಂಜಿನ್ ಓಡಿಸಿ, ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಅದುಮಲು ಹೇಳಿದರು. ಗೇರ್‌ಬಾಕ್ಸ್ ಕಡೆ ಹೋಗುವ ಸಣ್ಣ ಪೈಪು ಅದುಮಿದೊಡನೆ ಎಂಜಿನ್ ನಡುಕ ನಿಂತಿತು. ಎಂಜಿನ್ ಆಫ್ ಮಾಡಿ ಪೈಪು ಕಿತ್ತರೆ ಒಳಗೆ ಕೆಂಪು ಎಣ್ಣೆ!

ಅನೇಕ ಹಳೇ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಮೇಲೆ ಎಷ್ಟು ಹೊರೆಯಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸಲು ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿದಿತ್ತು. ಹರಿದ ಜಾಗದಿಂದ ಎಂಜಿನ್ ಗಾಳಿಯನ್ನೂ ಎಣ್ಣೆಯನ್ನೂ ಒಟ್ಟಿಗೆ ಹೀರುತ್ತಿತ್ತು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಅದಕ್ಕಿಂತ ತುಂಬಾ ಹೆಚ್ಚಾದರೆ ಮಿಶ್ರಣ ತೆಳುವಾಗಿ ಎಂಜಿನ್ ಸೋಲುತ್ತದೆ. ಎಣ್ಣೆ ಉರಿದು ಹೊಗೆಯಾಗುತ್ತಿತ್ತು. ಕಾರ್ಬುರೇಟರ್‌ನಲ್ಲಿ ತಪ್ಪೇ ಇರಲಿಲ್ಲ. ಡಬ್ಬಿ ಬದಲಿಸಿ, ನಾನು ಏರಿಸಿದ್ದ ಸ್ಲೋವನ್ನು ಮೊದಲಿನಂತೆ ಇಳಿಸಿದೆವು.

ಎಚ್ಚರಿಕೆ: ಪರೀಕ್ಷಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕಾರಿನ ಮುಂದೆ ಯಾರನ್ನೂ ನಿಲ್ಲಿಸಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ರಸ್ತೆಯಲ್ಲಿ ಎಂಜಿನ್ ನಿಂತರೆ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಡಿ. ಬೂಸ್ಟರ್‌ನಲ್ಲಿ ಒಂದೆರಡು ಸಲಕ್ಕಷ್ಟೇ ಬಲ ಉಳಿದಿರುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಮೇಷ್ಟ್ರ ಬಿಲ್ಲಿನಲ್ಲಿ ನಾನು ಮೊದಲು ತೆಗೆದುಕೊಂಡಿದ್ದ ಕೂಲಿಯನ್ನು ಮಾಮು ಕಳೆದರು. ಅವರು ಬೇಡ ಎಂದರೂ ಕೇಳಲಿಲ್ಲ. "ಮಾಡದ ರಿಪೇರಿಗೆ ದುಡ್ಡು ನಮ್ಮದಲ್ಲ" ಎಂದರು. ಆ ಮೊತ್ತ ನನ್ನ ಎರಡು ಭಾನುವಾರದ ಸಂಬಳದಲ್ಲಿ ಹೋಯಿತು.

ಈಗ ಗ್ಯಾರೇಜಿನಲ್ಲಿ ನನ್ನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಯಾವಾಗ, ಎಲ್ಲಿ, ಯಾವ ಗೇರಿನಲ್ಲಿ, ಎಷ್ಟು ಬಿಸಿಯಲ್ಲಿ ನಿಂತಿತು ಎಂದು ಬರೆದ ಮೇಲೆಯೇ ಸ್ಪ್ಯಾನರ್ ಮುಟ್ಟುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಲ್ಯಾಬಿನಲ್ಲಿ ನಮ್ಮ ಮೇಡಂ ಹೇಳುತ್ತಿದ್ದದ್ದೂ ಇದೇ. ನನಗದು ಅರ್ಥವಾದದ್ದು ಮಾತ್ರ ಬೈರಮಂಗಲ ಕ್ರಾಸ್‌ನಲ್ಲಿ.